ಇಂಗ್ಲಿಷ್ ಸಾಹಿತ್ಯ ಚರಿತ್ರೆ ತಲೆಗೆ ಹತ್ತಬೇಕಾ? ಇಸವಿಗಿಂತ ಮೊದಲು ದುಡ್ಡು ಯಾರು ಕೊಟ್ಟರು ನೋಡಿ

ಬಿ.ಎ.ಗೆ ಸೇರಿದ ಮೊದಲ ತಿಂಗಳು ನಮ್ಮ ಕೈಗೆ ಒಂದು ಜೆರಾಕ್ಸ್ ನೋಟ್ಸ್ ಬಂತು. ಹನ್ನೆರಡು ಪುಟ. ಎಡಗಡೆ ಇಸವಿ, ಬಲಗಡೆ ಯುಗದ ಹೆಸರು, ಕೆಳಗೆ ಕವಿಗಳ ಸಾಲು. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಅದನ್ನು ಮಗ್ಗಿ ಥರ ಬಾಯಿಪಾಠ ಮಾಡಿದೆ, ಪರೀಕ್ಷೆಯಲ್ಲಿ ಕಕ್ಕಿದೆ, ಪಾಸೂ ಆದೆ. ಎರಡು ತಿಂಗಳು ಬಿಟ್ಟು ಯಾರಾದರೂ ಕವಿಗಳಲ್ಲಿ ಡನ್ ಮೊದಲೋ ಡ್ರೈಡನ್ ಮೊದಲೋ ಅಂತ ಕೇಳಿದ್ದರೆ ತಲೆ ಕೆರೆದುಕೊಳ್ಳಬೇಕಿತ್ತು.

ಆಮೇಲೆ ವರ್ಷಗಟ್ಟಲೆ ಓದುತ್ತಾ ಓದುತ್ತಾ ಒಂದು ದಾರಿ ಸಿಕ್ಕಿತು. ಪ್ರತಿ ಕಾಲಕ್ಕೂ ಮೂರೇ ಪ್ರಶ್ನೆ ಕೇಳಿ. ಇದನ್ನು ಕೇಳುತ್ತಿದ್ದವರು, ಓದುತ್ತಿದ್ದವರು ಯಾರು? ಅದು ಅವರ ಹತ್ತಿರ ಹೇಗೆ ಹೋಯಿತು? ಬರೆದವನಿಗೆ ದುಡ್ಡು ಕೊಟ್ಟವರು ಯಾರು? ಈ ಮೂರಕ್ಕೆ ಉತ್ತರ ಸಿಕ್ಕರೆ ಆ ಕಾಲದ ಬರವಣಿಗೆ ಯಾಕೆ ಹಾಗಿದೆ ಅಂತ ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತದೆ. ಪರೀಕ್ಷೆಗೆ ಓದುವವರಿಗೂ ಇದು ಆಗುತ್ತದೆ, ಸುಮ್ನೆ ಕುತೂಹಲಕ್ಕೆ ಓದುವವರಿಗೂ ಆಗುತ್ತದೆ.

ಹೆಜ್ಜೆ 1: ಗೊತ್ತಿರುವ ಕಡೆಯಿಂದ ಹೊರಡಿ

ಹಳೆಯ ಇಂಗ್ಲಿಷಿನ ಕಾವ್ಯ ಬೇವುಲ್ಫ್‌ನಿಂದ ಶುರು ಮಾಡಬೇಡಿ. ಹಾಗೆ ಮಾಡಿದವರು ಮೂರನೇ ದಿನ ಪುಸ್ತಕ ಮುಚ್ಚುತ್ತಾರೆ, ನಾನೂ ಮುಚ್ಚಿದ್ದೆ.

ನಿಮಗೆ ಇಂಗ್ಲಿಷ್ ಸಾಹಿತ್ಯ ಈಗಾಗಲೇ ಸ್ವಲ್ಪ ಗೊತ್ತು. ‘ಕರುಣಾಳು ಬಾ ಬೆಳಕೆ’ ಕೇಳಿದ್ದೀರಿ ಅಲ್ವಾ? ಬಿ.ಎಂ.ಶ್ರೀ. ಕನ್ನಡಕ್ಕೆ ತಂದ ಹಾಡು ಅದು. ಮೂಲ ಬರೆದವರು ಜಾನ್ ಹೆನ್ರಿ ನ್ಯೂಮನ್. 1833ರಲ್ಲಿ ಸಿಸಿಲಿಯಲ್ಲಿ ಜ್ವರ ಬಿದ್ದು ಸಾಯುವ ಸ್ಥಿತಿ ತಲುಪಿ, ಹೇಗೋ ಎದ್ದು, ಕಿತ್ತಳೆ ಹಣ್ಣು ತುಂಬಿದ ಹಡಗು ಹತ್ತಿ ಊರಿನ ಕಡೆ ಹೊರಟಾಗ ಸಮುದ್ರದ ಮೇಲೆ ಬರೆದದ್ದು. ಮನೆ ದೂರ, ಕೈ ಹಿಡಿದು ನಡೆಸು ಅನ್ನುವ ಮಾತಿಗೆ ಹಿಂದೆ ನಿಜವಾದ ಪ್ರಯಾಣವೇ ಇತ್ತು. ಇನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಜರ್ಮನಿಯ ಹ್ಯಾಮೆಲಿನ್ ಊರಿನ ಇಲಿಗಳ ಕಥೆಯನ್ನು ಪದ್ಯ ಮಾಡಿದ್ದ. ಕುವೆಂಪು ಅದನ್ನು ತುಂಗೆಯ ದಡಕ್ಕೆ ತಂದು ಕೂರಿಸಿದರು.

ಈಗ ಒಂದು ಲಾಂಗ್ ನೋಟ್‌ಬುಕ್ ತೆಗೆದುಕೊಳ್ಳಿ. ಎರಡು ಪುಟಕ್ಕೂ ಸೇರಿಸಿ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಅದರ ಮೇಲೆ ಐದೇ ಐದು ಇಸವಿ ಬರೆಯಿರಿ: 1066, 1476, 1660, 1798, 1922. ನ್ಯೂಮನ್, ಬ್ರೌನಿಂಗ್ ಇಬ್ಬರನ್ನೂ 1798ರ ಬಲಗಡೆ ಗುರುತು ಹಾಕಿ. ಮಿಕ್ಕ ಇಸವಿಗಳು ಓದುತ್ತಾ ಹೋದಂತೆ ತಾವೇ ಬಂದು ಕೂರುತ್ತವೆ.

ಹೆಜ್ಜೆ 2: 1066ರ ಹಿಂದೆ ಏನಿತ್ತು ಅಂತ ಕಿವಿಯಿಂದ ತಿಳಿಯಿರಿ

ಐದನೇ ಶತಮಾನದಲ್ಲಿ ಈಗಿನ ಜರ್ಮನಿ, ಡೆನ್ಮಾರ್ಕ್ ಕಡೆಯಿಂದ ಆಂಗಲ್, ಸ್ಯಾಕ್ಸನ್ ಜನ ಬ್ರಿಟನ್ನಿಗೆ ಬಂದು ನೆಲೆ ನಿಂತರು. ಅವರ ಭಾಷೆಯೇ ಹಳೆಯ ಇಂಗ್ಲಿಷ್. ಇವತ್ತಿನ ಇಂಗ್ಲಿಷರಿಗೂ ಅದನ್ನು ಪಾಠ ಹೇಳಿಸಿಕೊಳ್ಳದೆ ಓದಲಾಗುವುದಿಲ್ಲ. ಪಂಪನನ್ನು ಮೊದಲ ಸಲ ತೆರೆದಾಗ ನಮಗೆ ಆಗುತ್ತದಲ್ಲ, ಅದಕ್ಕಿಂತ ಒಂದು ಕೈ ಜಾಸ್ತಿಯೇ ಅನ್ನಿ. ಹಾಗಾಗಿ ಅರ್ಥ ಆಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವ ಅಗತ್ಯವೇ ಇಲ್ಲ. ಅನುವಾದ ಓದಿ.

ಇಲ್ಲಿ ಕೇಳುಗರು ದೊಡ್ಡ ಹಜಾರದಲ್ಲಿ ಕುಡಿಯುತ್ತಾ ಕೂತ ಯೋಧರು. ಹಾಡುವವನಿಗೆ ಕೊಡುವವನು ಒಡೆಯ. ಅದಕ್ಕೇ ಕಾವ್ಯದ ತುಂಬಾ ಒಡೆಯನ ಔದಾರ್ಯ, ಉಡುಗೊರೆ, ನಿಷ್ಠೆ. ಬೇವುಲ್ಫ್ 3,182 ಸಾಲಿನ ಕಾವ್ಯ, ಉಳಿದಿರುವುದು ಒಂದೇ ಒಂದು ಹಸ್ತಪ್ರತಿ. 1731ರಲ್ಲಿ ಅದಿದ್ದ ಮನೆಗೆ ಬೆಂಕಿ ಬಿದ್ದು ಅಂಚು ಸುಟ್ಟುಹೋಯಿತು. ತಮಾಷೆ ಏನೆಂದರೆ, ಇಂಗ್ಲಿಷಿನ ಮೊದಲ ದೊಡ್ಡ ಕಾವ್ಯದಲ್ಲಿ ಇಂಗ್ಲೆಂಡಿನ ನೆಲವೇ ಬರುವುದಿಲ್ಲ. ಕಥೆ ನಡೆಯುವುದು ಡೆನ್ಮಾರ್ಕ್ ಮತ್ತು ದಕ್ಷಿಣ ಸ್ವೀಡನ್ನಿನಲ್ಲಿ.

ಸಾಲಿನೊಳಗೆ ಪದಗಳ ಮೊದಲ ಸದ್ದು ಮತ್ತೆ ಮತ್ತೆ ಬರುವುದನ್ನು ಕೇಳಿಸಿಕೊಳ್ಳಿ. ನಮ್ಮ ಹಳೆಯ ಪದ್ಯಗಳಲ್ಲಿ ಪ್ರಾಸ ಎರಡನೇ ಅಕ್ಷರದಲ್ಲಿ ಕೂರುತ್ತದೆ, ಅವರದು ಪದದ ತಲೆಯಲ್ಲೇ. ಇನ್ನೊಂದು, ಸಮುದ್ರಕ್ಕೆ ‘ತಿಮಿಂಗಿಲದ ದಾರಿ’, ಮೈಗೆ ‘ಮೂಳೆಮನೆ’ ಅನ್ನುತ್ತಾರೆ. ಇದಕ್ಕೆ ಕೆನ್ನಿಂಗ್ ಅಂತ ಹೆಸರು. ಪರೀಕ್ಷೆಗೆ ಬೇಕಾಗುತ್ತದೆ, ಇಟ್ಟುಕೊಳ್ಳಿ.

ನನಗೆ ಈ ಕಾಲದಲ್ಲಿ ತುಂಬಾ ಇಷ್ಟ ಕ್ಯಾಡ್ಮನ್‌ನ ಕಥೆ. ಏಳನೇ ಶತಮಾನ, ವಿಟ್ಬಿ ಮಠ. ಅವನು ದನ ಕಾಯುವವನು. ಊಟದ ಕೂಟದಲ್ಲಿ ಹಾರ್ಪ್ ವಾದ್ಯ ಕೈಯಿಂದ ಕೈಗೆ ಬರುತ್ತಿತ್ತು, ಯಾರ ಕೈಗೆ ಬಂತೋ ಅವರು ಹಾಡಬೇಕು. ತನ್ನ ಸರದಿ ಹತ್ತಿರ ಬರುವುದು ಕಂಡರೆ ಇವನು ನಾಚಿ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ. ಒಂದು ರಾತ್ರಿ ಕನಸಿನಲ್ಲಿ ಯಾರೋ ಬಂದು ಹಾಡು ಅಂದರು, ಹಾಡಿದ. ಬೀಡ್ ಎನ್ನುವ ಪಾದ್ರಿ 731ರ ಹೊತ್ತಿಗೆ ಮುಗಿಸಿದ ಚರಿತ್ರೆಯಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಒಂಬತ್ತು ಸಾಲಿನ ಆ ಹಾಡು ಈಗಲೂ ಇದೆ.

ಹೆಜ್ಜೆ 3: 1066ರಿಂದ 1476, ಅಡುಗೆಮನೆಯಲ್ಲಿ ಎರಡು ಭಾಷೆ

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ವಿಲಿಯಂ ಹೇಸ್ಟಿಂಗ್ಸ್ ಯುದ್ಧ ಗೆದ್ದು ಇಂಗ್ಲೆಂಡಿನ ರಾಜನಾದ. ಅರಮನೆಗೆ ಫ್ರೆಂಚ್ ಬಂತು, ಚರ್ಚಿನಲ್ಲಿ ಲ್ಯಾಟಿನ್ ಮೊದಲೇ ಇತ್ತು, ಇಂಗ್ಲಿಷ್ ಹೊಲಮನೆಗೆ ಇಳಿಯಿತು. ಕುರಿ ಕಾಯುವವನ ಬಾಯಲ್ಲಿ ಅದು ಶೀಪ್, ಒಡೆಯನ ತಟ್ಟೆಗೆ ಬಂದಾಗ ಮಟನ್. ಪಿಗ್ ಹೋಗಿ ಪೋರ್ಕ್. ಇಂಗ್ಲಿಷಿನಲ್ಲಿ ಒಂದೇ ಅರ್ಥಕ್ಕೆ ಎರಡೆರಡು ಪದ ಯಾಕೆ ಅಂತ ತಲೆ ಕೆಡಿಸಿಕೊಂಡಿದ್ದರೆ, ಜಾಸ್ತಿ ಸಲ ಉತ್ತರ ಇಲ್ಲೇ ಇರುತ್ತದೆ.

ಹೀಗೆ ಮುನ್ನೂರು ವರ್ಷ ಕಳೆದ ಮೇಲೆ ಕವಿ ಚಾಸರ್. ಮದ್ಯದ ವ್ಯಾಪಾರಿಯ ಮಗ, 1374ರಿಂದ ಲಂಡನ್ ಬಂದರಿನಲ್ಲಿ ಉಣ್ಣೆಯ ಸುಂಕದ ಅಧಿಕಾರಿ. ಸಂಬಳ ಆ ಕಡೆಯಿಂದ, ಕಾವ್ಯ ರಾತ್ರಿಪಾಳಿ. ಸುಂಕದ ಕಟ್ಟೆಯಲ್ಲಿ ಕೂತವನಿಗೆ ಎಲ್ಲ ಥರದ ಜನರೂ ಸಿಗುತ್ತಾರೆ. ಅದಕ್ಕೇ ಅವನ ಕ್ಯಾಂಟರ್‌ಬರಿ ಕಥೆಗಳಲ್ಲಿ ಯೋಧ, ಗಿರಣಿಯವನು, ಅಡುಗೆಯವನು, ಐದು ಮದುವೆಯಾದ ಬಾತ್ ಊರಿನ ಹೆಂಗಸು ಎಲ್ಲರೂ ಒಂದೇ ಛತ್ರದಿಂದ ಯಾತ್ರೆ ಹೊರಡುತ್ತಾರೆ. ಒಬ್ಬೊಬ್ಬರೂ ನಾಲ್ಕು ಕಥೆ ಹೇಳಬೇಕೆಂಬ ಯೋಜನೆ ಇತ್ತು, ಒಟ್ಟು ಸಿಕ್ಕಿರುವುದು 24.

ಒಂದು ಪ್ರಯೋಗ ಮಾಡಿ. ಇದರ ಪ್ರೊಲಾಗ್‌ನ (ಪೀಠಿಕೆಯ) ಮೊದಲ 18 ಸಾಲು ಒಂದೇ ವಾಕ್ಯ. ಅದನ್ನು ಕನ್ನಡ ಓದಿದಂತೆ, ಬರೆದ ಅಕ್ಷರ ಎಲ್ಲ ಉಚ್ಚರಿಸುತ್ತಾ ಜೋರಾಗಿ ಓದಿ. ಈಗ ‘ನೇಮ್’ ಅನ್ನುವ ಪದ ಆಗ ಹೆಚ್ಚುಕಡಿಮೆ ‘ನಾಮ’ ಅಂತಲೇ ಕೇಳಿಸುತ್ತಿತ್ತು. ಯೋಧ ಅನ್ನುವ ಅರ್ಥದ ‘ನೈಟ್’ (knight) ಪದದ ಮೊದಲಿರುವ ಕ ಸದ್ದನ್ನು ನುಂಗುತ್ತಿರಲಿಲ್ಲ. ಆಮೇಲಿನ ಇನ್ನೂರು ಮುನ್ನೂರು ವರ್ಷದಲ್ಲಿ ಉಚ್ಚಾರ ಜಾರಿತು, ಕಾಗುಣಿತ ಮಾತ್ರ ಅಚ್ಚಿನ ಮೊಳೆಯಲ್ಲಿ ಸಿಕ್ಕಿಕೊಂಡು ಅಲ್ಲೇ ಉಳಿಯಿತು. ನಮಗೆ ಸ್ಪೆಲ್ಲಿಂಗ್ ಬರುವುದಿಲ್ಲ ಅಂದರೆ ತಪ್ಪು ಪೂರ್ತಿ ನಮ್ಮದಲ್ಲ.

1476ರಲ್ಲಿ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣ ಯಂತ್ರ ಇಟ್ಟ. ಅವನದೊಂದು ಗೋಳು ಇದೆ. ವ್ಯಾಪಾರಿಗಳು ಒಂದು ಹಳ್ಳಿಯಲ್ಲಿ ಮೊಟ್ಟೆ ಕೇಳಿದರು, ‘ಎಗ್ಸ್’ ಅಂದರು. ಮನೆಯಾಕೆ ನನಗೆ ಫ್ರೆಂಚ್ ಬರಲ್ಲ ಅಂದಳು! ಅವರ ಕಡೆ ಮೊಟ್ಟೆಗೆ ‘ಎಯ್ರೆನ್’ ಅನ್ನುತ್ತಿದ್ದರು. ಯಾವ ಮಾತಿನಲ್ಲಿ ಅಚ್ಚು ಹಾಕಲಿ ಅಂತ ಪೇಚಾಡಿ ಲಂಡನ್ನಿನ ಮಾತನ್ನೇ ಆರಿಸಿಕೊಂಡ. ಮಾನಕ ಇಂಗ್ಲಿಷ್ ಅಂತ ನಾವು ಕಲಿಯುವುದರ ಬೇರು ಈ ಅಂಗಡಿಯಲ್ಲಿದೆ.

ಹೆಜ್ಜೆ 4: ಶೇಕ್ಸ್‌ಪಿಯರ್‌ನನ್ನು ಪುಸ್ತಕದಿಂದ ಎಬ್ಬಿಸಿ ಕಂಪನಿ ನಾಟಕದಲ್ಲಿ ನಿಲ್ಲಿಸಿ

ಇಲ್ಲಿ ನಿಧಾನಿಸಿ. ಪುಸ್ತಕಗಳಲ್ಲಿ ಇದನ್ನು ರೆನೆಸಾನ್ಸ್ (ಪುನರುಜ್ಜೀವನ) ಅಂತ ಕರೆದು ಇಟಲಿ, ಗ್ರೀಕ್ ವಿದ್ಯೆ, ಸಾನೆಟ್ ಅಂತ ಹತ್ತು ಪುಟ ಬರೆದಿರುತ್ತಾರೆ. ಅದೂ ನಿಜವೇ. ವಯಾಟ್ ಮತ್ತು ಸರ್ರೆ ಎಂಬ ಕವಿಗಳು ಇಟಲಿಯಿಂದ ಹದಿನಾಲ್ಕು ಸಾಲಿನ ಪದ್ಯವಾದ ಸಾನೆಟ್ ತಂದರು, ಪ್ರಾಸವಿಲ್ಲದ ಬ್ಲ್ಯಾಂಕ್ ವರ್ಸ್ ಶುರು ಮಾಡಿದ್ದು ಸರ್ರೆ. ಆದರೆ ನಮ್ಮ ಮೂರು ಪ್ರಶ್ನೆ ಹಾಕಿದರೆ ಕಣ್ಣ ಮುಂದೆ ಬರುವುದು ಟಿಕೆಟ್ ಪೆಟ್ಟಿಗೆ.

1576ರಲ್ಲಿ ಜೇಮ್ಸ್ ಬರ್ಬೇಜ್ ಎಂಬ ನಟ ಲಂಡನ್ನಿನ ಗಡಿಯ ಹೊರಗೆ ‘ದಿ ಥಿಯೇಟರ್’ ಕಟ್ಟಿದ. ನಗರದ ಅಧಿಕಾರಿಗಳಿಗೆ ನಾಟಕ ಕಂಡರೆ ಆಗುತ್ತಿರಲಿಲ್ಲ, ಅದಕ್ಕೇ ಹೊರಗೆ. ಜಾಗದ ಗುತ್ತಿಗೆ ಮುಗಿದಾಗ ಮಾಲೀಕ ತಕರಾರು ತೆಗೆದ. ಬರ್ಬೇಜ್ ಆಗಲೇ ತೀರಿಹೋಗಿದ್ದ. ಮಕ್ಕಳು ಏನು ಮಾಡಿದರು ಗೊತ್ತಾ? 1598ರ ಡಿಸೆಂಬರ್ ಕೊನೆಯಲ್ಲಿ ಬಡಗಿಗಳನ್ನು ಕರೆದುಕೊಂಡು ಹೋಗಿ ಇಡೀ ಕಟ್ಟಡದ ತೊಲೆ ಕಂಬ ಬಿಚ್ಚಿದರು, ಅದನ್ನು ಥೇಮ್ಸ್ ನದಿಯ ಆಚೆ ದಡಕ್ಕೆ ಸಾಗಿಸಿದರು, ಅದೇ ಮರದಲ್ಲಿ 1599ಕ್ಕೆ ಗ್ಲೋಬ್ ಎದ್ದಿತು. ಶೇಕ್ಸ್‌ಪಿಯರ್ ಅದರಲ್ಲಿ ಪಾಲುದಾರ. ಅಂದರೆ ಅವನು ಬರೆದವನೂ ಹೌದು, ನಟನೂ ಹೌದು, ಗಲ್ಲಾಪೆಟ್ಟಿಗೆಯಲ್ಲಿ ಪಾಲಿದ್ದವನೂ ಹೌದು.

ಅಂಗಳದಲ್ಲಿ ನಿಂತು ನೋಡಲು ಒಂದು ಪೆನ್ನಿ. ಮೇಲಿನ ಸಾಲಿನಲ್ಲಿ ಕೂತವರು ಜಾಸ್ತಿ ಕೊಡುತ್ತಿದ್ದರು. ಒಂದೇ ನಾಟಕ ಇಬ್ಬರಿಗೂ ಹಿಡಿಸಬೇಕು. ಅದಕ್ಕೇ ಮ್ಯಾಕ್‌ಬೆತ್‌ನಲ್ಲಿ ರಾಜನ ಕೊಲೆಯಾದ ಮರುಗಳಿಗೆ ಕುಡುಕ ಬಾಗಿಲು ಕಾಯುವವನು ಬಂದು ಪೋಲಿ ಜೋಕು ಹೊಡೆಯುತ್ತಾನೆ. ಹೆಣ್ಣು ಪಾತ್ರ ಹುಡುಗರೇ ಮಾಡುತ್ತಿದ್ದರು. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಹಗಲು ಬೆಳಕಿನಲ್ಲಿ ಆಟ. ಕತ್ತಲನ್ನು ಮಾತಿನಲ್ಲೇ ಕಟ್ಟಬೇಕು. ಆ ಸಾಲುಗಳಲ್ಲಿ ಅಷ್ಟೊಂದು ವರ್ಣನೆ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಶೇಕ್ಸ್‌ಪಿಯರ್ 1616ರಲ್ಲಿ ತೀರಿಕೊಂಡ. ಏಳು ವರ್ಷದ ಮೇಲೆ, 1623ರಲ್ಲಿ, ಜೊತೆಯ ನಟರು 36 ನಾಟಕ ಸೇರಿಸಿ ದೊಡ್ಡ ಸಂಪುಟ ತಂದರು. ಅದೇ ಫಸ್ಟ್ ಫೋಲಿಯೊ. ಅದರಲ್ಲಿ ಅರ್ಧದಷ್ಟು ಅದಕ್ಕೆ ಮೊದಲು ಅಚ್ಚೇ ಆಗಿರಲಿಲ್ಲ. ಮ್ಯಾಕ್‌ಬೆತ್, ಟೆಂಪೆಸ್ಟ್ ಎರಡೂ ಆ ಅರ್ಧದಲ್ಲಿವೆ.

ಓದುವ ಕ್ರಮ: ಮೊದಲು ನಾಟಕ ನೋಡಿ, ಆಮೇಲೆ ಓದಿ. ಇಂಗ್ಲಿಷ್ ಕಷ್ಟ ಅನ್ನಿಸಿದರೆ ಕುವೆಂಪು ಅವರ ‘ರಕ್ತಾಕ್ಷಿ’ ಓದಿ. ಅದು ಹ್ಯಾಮ್ಲೆಟ್, ಆದರೆ ನಡೆಯುವುದು ಬಿದನೂರಿನಲ್ಲಿ. ‘ಬಿರುಗಾಳಿ’ ಟೆಂಪೆಸ್ಟ್. ಇದನ್ನು ಅಡ್ಡದಾರಿ ಅಂತ ಯಾರಾದರೂ ಮೂಗು ಮುರಿದರೆ ಮುರಿಯಲಿ ಬಿಡಿ.

ಹೆಜ್ಜೆ 5: 1642ರಿಂದ 1660ರ ಹದಿನೆಂಟು ವರ್ಷವನ್ನು ಹಾರಬೇಡಿ

1642ರಲ್ಲಿ ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಕ್ರೈಸ್ತರ ಕೈ ಮೇಲಾಗಿ ಪಾರ್ಲಿಮೆಂಟು ನಾಟಕಶಾಲೆಗಳಿಗೆ ಬೀಗ ಹಾಕಿಸಿತು. 1649ರಲ್ಲಿ ರಾಜನ ತಲೆ ಹೋಯಿತು. ಹೊಸ ಸರ್ಕಾರದಲ್ಲಿ ವಿದೇಶಿ ಪತ್ರ ವ್ಯವಹಾರ ನೋಡುತ್ತಿದ್ದವನು ಕವಿ ಮಿಲ್ಟನ್. ಕಣ್ಣು ಹೋಯಿತು, 1660ರಲ್ಲಿ ರಾಜಪ್ರಭುತ್ವ ವಾಪಸ್ಸು ಬಂದಾಗ ನೌಕರಿಯೂ ಹೋಯಿತು, ಸ್ವಲ್ಪದರಲ್ಲಿ ಪ್ರಾಣ ಉಳಿಯಿತು. ಆ ಸೋಲಿನಲ್ಲಿ ಬೇರೆಯವರ ಕೈಲಿ ಬರೆಸಿದ ಕಾವ್ಯ ಪ್ಯಾರಡೈಸ್ ಲಾಸ್ಟ್. 1667ರಲ್ಲಿ ಅಚ್ಚಾಯಿತು. ಪ್ರಕಾಶಕ ಮೊದಲು ಕೊಟ್ಟದ್ದು 5 ಪೌಂಡ್.

1660ರ ನಂತರ ನಾಟಕ ಮತ್ತೆ ಶುರುವಾಯಿತು, ವೃತ್ತಿ ರಂಗದ ಮೇಲೆ ಹೆಂಗಸರು ಬಂದರು. ಡ್ರೈಡನ್ ಈ ಕಾಲದವನು. ಡನ್ 1631ಕ್ಕೇ ತೀರಿಕೊಂಡಿದ್ದ. ಇಬ್ಬರ ನಡುವೆ ಒಂದು ಯುದ್ಧ, ಒಬ್ಬ ರಾಜನ ತಲೆ ಇದೆ ಅಂತ ನೆನಪಿಟ್ಟರೆ ನನ್ನ ಥರ ತಡವರಿಸುವುದಿಲ್ಲ.

ಹೆಜ್ಜೆ 6: ಹದಿನೆಂಟನೇ ಶತಮಾನ, ಕಾಫಿ ಮತ್ತು ಕಾದಂಬರಿ

1695ರಲ್ಲಿ ಅಚ್ಚಿಗೆ ಮುಂಚೆ ಪರವಾನಗಿ ಬೇಕೆನ್ನುವ ಕಾನೂನು ಬಿದ್ದುಹೋಯಿತು. ಪತ್ರಿಕೆಗಳು ಹುಟ್ಟಿಕೊಂಡವು. 1711ರಲ್ಲಿ ಸ್ಪೆಕ್ಟೇಟರ್ ಕಾಫಿ ಹೌಸ್‌ಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಓದುವವನು ಈಗ ವ್ಯಾಪಾರಿ, ವಕೀಲ, ಮನೆಯಲ್ಲಿರುವ ಅವನ ಹೆಂಡತಿ. ಅವರಿಗೆ ರಾಜರ ಕಥೆ ಸಾಕಾಗಿತ್ತು, ತಮ್ಮಂಥವರ ಕಥೆ ಬೇಕಿತ್ತು. ಡೀಫೋನ ರಾಬಿನ್ಸನ್ ಕ್ರೂಸೋ (1719) ನಿರ್ಜನ ದ್ವೀಪದಲ್ಲೂ ಜಮಾಖರ್ಚು ಬರೆದಂತೆ ಒಳ್ಳೆಯದು ಕೆಟ್ಟದ್ದರ ಪಟ್ಟಿ ಮಾಡುತ್ತಾನೆ. ರಿಚರ್ಡ್ಸನ್‌ನ ಪಮೇಲಾ (1740) ಒಬ್ಬ ಕೆಲಸದ ಹುಡುಗಿಯ ಪತ್ರಗಳು. ಕಾದಂಬರಿ ಅನ್ನುವುದು ಹೀಗೆ ಮಧ್ಯಮ ವರ್ಗದ ಮನೆಯಲ್ಲಿ ಹುಟ್ಟಿದ ಕೂಸು. ಪೋಪ್, ಸ್ವಿಫ್ಟ್ ಇಬ್ಬರೂ ಇದೇ ಕಾಲದ ವಿಡಂಬನೆಕಾರರು. ಸ್ವಿಫ್ಟ್‌ನ ಗಲಿವರ್ (1726) ಮಕ್ಕಳ ಪುಸ್ತಕ ಅಂದುಕೊಂಡಿದ್ದರೆ ಕೊನೆಯ ಭಾಗ ಓದಿ ನೋಡಿ, ಮನುಷ್ಯ ಜಾತಿಯ ಮೇಲೆ ಅಷ್ಟು ಸಿಟ್ಟು.

ದುಡ್ಡಿನ ಪ್ರಶ್ನೆಗೆ ಬಂದರೆ ಇಡೀ ಚರಿತ್ರೆಯಲ್ಲಿ ನನ್ನ ಮೆಚ್ಚಿನ ಘಟನೆ 1755ರದ್ದು. ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟು ಶುರು ಮಾಡುವಾಗ ಲಾರ್ಡ್ ಚೆಸ್ಟರ್‌ಫೀಲ್ಡ್ ಬಾಗಿಲಲ್ಲಿ ಕಾದಿದ್ದ, ಸಹಾಯ ಸಿಗಲಿಲ್ಲ. ವರ್ಷಗಟ್ಟಲೆ ಒದ್ದಾಡಿ ಮುಗಿಸಿದ ಮೇಲೆ ಸಾಹೇಬರು ಹೊಗಳಿ ಲೇಖನ ಬರೆದರು. ಜಾನ್ಸನ್ ಪತ್ರ ಬರೆದ: ನೀರಲ್ಲಿ ಮುಳುಗುವವನನ್ನು ಸುಮ್ಮನೆ ನೋಡುತ್ತಾ ನಿಂತು, ಅವನು ದಡ ಸೇರಿದ ಮೇಲೆ ಸಹಾಯ ಮಾಡಲು ಬರುವವನನ್ನೇ ಅಲ್ಲವೇ ಪೋಷಕ ಅನ್ನುವುದು ಅಂತ. ನಿಘಂಟಿನಲ್ಲೂ ಆ ಪದಕ್ಕೆ ಖಾರವಾದ ಅರ್ಥ ಕೊಟ್ಟ. ಒಡೆಯನ ಉಡುಗೊರೆ ನಂಬಿದ್ದ ಕವಿಯಿಂದ ಪುಸ್ತಕ ಕೊಳ್ಳುವ ಓದುಗನನ್ನು ನಂಬಿದ ಲೇಖಕನವರೆಗೆ ಸಾವಿರ ವರ್ಷದ ದಾರಿ ಆ ಒಂದು ಪತ್ರದಲ್ಲಿ ತಿರುಗುತ್ತದೆ.

ಹೆಜ್ಜೆ 7: 1798, ಆಡುಮಾತಿಗೆ ಕವಿತೆ ಬಂತು

ವರ್ಡ್ಸ್‌ವರ್ತ್, ಕೋಲ್‌ರಿಜ್ ಎಂಬ ಕವಿಗಳು ಸೇರಿ ಹೆಸರು ಹಾಕದೆ ತಂದ ಸಣ್ಣ ಪುಸ್ತಕ ಲಿರಿಕಲ್ ಬ್ಯಾಲಡ್ಸ್. ಈ ಕಾಲಕ್ಕೆ ರೊಮ್ಯಾಂಟಿಕ್ ಕಾಲ ಅಂತ ಹೆಸರು. ಹಿಂದೆ 1789ರ ಫ್ರೆಂಚ್ ಕ್ರಾಂತಿ, ಸುತ್ತ ಗಿರಣಿಗಳ ಹೊಗೆ. 1800ರ ಮುನ್ನುಡಿಯಲ್ಲಿ ವರ್ಡ್ಸ್‌ವರ್ತ್ ಹೇಳಿದ್ದು ಇಷ್ಟೆ: ಜನ ನಿಜವಾಗಿ ಆಡುವ ಮಾತಿನಲ್ಲಿ ಬರೆಯಬೇಕು. ನೂರಿಪ್ಪತ್ತು ವರ್ಷ ತಡವಾಗಿ ಈ ಗಾಳಿ ನಮ್ಮಲ್ಲಿಗೂ ಬೀಸಿತು. 1920ರ ದಶಕದಲ್ಲಿ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಬಂದು ಹೊಸಗನ್ನಡದಲ್ಲಿ ಹೊಸ ಛಂದಸ್ಸು, ಸಣ್ಣ ಭಾವಗೀತೆ ಬರೆಯಬಹುದು ಅಂತ ತೋರಿಸಿಕೊಟ್ಟಿತು. ನವೋದಯವನ್ನು ಶಾಲೆಯಲ್ಲಿ ಓದಿದವರಿಗೆ ರೊಮ್ಯಾಂಟಿಕ್ ಕಾಲ ಅರ್ಧ ಗೊತ್ತಿರುವ ಊರು.

ಈ ಕಾಲದ ಕಿರಿಯ ಮೂವರು ಕವಿಗಳನ್ನು ಸಾವಿನ ಇಸವಿಯಿಂದ ನೆನಪಿಡಿ. ಕೀಟ್ಸ್ 1821, ರೋಮ್, 25 ವರ್ಷ. ಶೆಲ್ಲಿ 1822, ಇಟಲಿಯ ಸಮುದ್ರದಲ್ಲಿ ಮುಳುಗಿ. ಬೈರನ್ 1824, ಗ್ರೀಸ್‌ನಲ್ಲಿ. ಜೇನ್ ಆಸ್ಟಿನ್ ಇದೇ ವರ್ಷಗಳಲ್ಲಿ ಬರೆದರೂ ಈ ಗುಂಪಿಗೆ ಸೇರುವುದಿಲ್ಲ, ಬಲವಂತವಾಗಿ ಸೇರಿಸಲೂ ಬೇಡಿ. ಅವಳ ಮೊದಲ ಕಾದಂಬರಿಯ ಮೇಲೆ 1811ರಲ್ಲಿ ಇದ್ದ ಹೆಸರು ‘ಒಬ್ಬ ಮಹಿಳೆ’ ಅಂತ ಮಾತ್ರ.

ಹೆಜ್ಜೆ 8: ವಿಕ್ಟೋರಿಯನ್ ಕಾಲ ಅಂದರೆ ಧಾರಾವಾಹಿ ಕಾಲ

1837ರಿಂದ 1901, ವಿಕ್ಟೋರಿಯಾ ರಾಣಿಯ ಆಳ್ವಿಕೆ. ಮೂರು ಸಂಪುಟದ ಒಂದು ಕಾದಂಬರಿಗೆ 31 ಶಿಲಿಂಗ್ 6 ಪೆನ್ಸ್. ಯಾರು ಕೊಳ್ಳುತ್ತಾರೆ? ಎರಡು ದಾರಿ ಇತ್ತು. ಒಂದು, ಮ್ಯೂಡಿ ಎಂಬುವನದಂಥ ಬಾಡಿಗೆ ಲೈಬ್ರರಿಗೆ ವರ್ಷಕ್ಕೆ ಒಂದು ಗಿನಿ (21 ಶಿಲಿಂಗ್) ಕಟ್ಟುವುದು. ಮ್ಯೂಡಿಗೆ ಮನೆಮಂದಿ ಎಲ್ಲ ಓದುವಂಥದ್ದೇ ಬೇಕು, ಅದಕ್ಕೇ ಲೇಖಕರೂ ಸೆರಗು ಸರಿಮಾಡಿಕೊಂಡೇ ಬರೆದರು. ಇನ್ನೊಂದು, ಡಿಕನ್ಸ್‌ನ ದಾರಿ, ತಿಂಗಳಿಗೊಂದು ಕಂತು, ಒಂದು ಶಿಲಿಂಗ್. ಅವನ ಕಾದಂಬರಿ ಪಿಕ್‌ವಿಕ್ (1836–37) ಮುಗಿಯುವ ಹೊತ್ತಿಗೆ ಕಂತು ಸುಮಾರು 40,000 ಪ್ರತಿ ಹೋಗುತ್ತಿತ್ತು. ವಾರಪತ್ರಿಕೆಯ ಧಾರಾವಾಹಿಗೆ ಗುರುವಾರ ಕಾಯುತ್ತಿದ್ದ ಮನೆಯಿಂದ ಬಂದವರಿಗೆ ಡಿಕನ್ಸ್ ಯಾಕೆ ಅಧ್ಯಾಯದ ಕೊನೆಗೆ ಉಸಿರು ಹಿಡಿಸುತ್ತಾನೆ ಅಂತ ವಿವರಿಸಬೇಕಾಗಿಲ್ಲ. ಒಂದೇ ಸಲ ಕೂತು ಓದಲು ಹೋಗಬೇಡಿ, ವಾರಕ್ಕೆ ಎರಡು ಮೂರು ಅಧ್ಯಾಯ ಸಾಕು.

ಬ್ರಾಂಟಿ ಸಹೋದರಿಯರು ಬೆಲ್ ಅನ್ನುವ ಅಡ್ಡಹೆಸರಿನಲ್ಲಿ ಬರೆದರು, ಜಾರ್ಜ್ ಎಲಿಯಟ್ ಗಂಡಸಿನ ಹೆಸರು ಇಟ್ಟುಕೊಂಡ ಮೇರಿ ಆನ್ ಇವಾನ್ಸ್. ಹಾರ್ಡಿ 1895ರಲ್ಲಿ ಜೂಡ್ ಬರೆದು ಬೈಗುಳ ತಿಂದು ಕಾದಂಬರಿಯನ್ನೇ ಬಿಟ್ಟು ಕವಿತೆಗೆ ಹೋದ.

ಇಲ್ಲಿ ಒಂದು ಅಡ್ಡಮಾತು. ಇದನ್ನೆಲ್ಲ ನಾವು ಯಾಕೆ ಓದುತ್ತಿದ್ದೇವೆ? ಭಾರತದಲ್ಲಿ ಇಂಗ್ಲಿಷ್ ಶಿಕ್ಷಣ ಬೇಕೆಂದ 1835ರ ಮೆಕಾಲೆ ಟಿಪ್ಪಣಿಯಿಂದ. 1857ರಲ್ಲಿ ಮದ್ರಾಸ್, ಮುಂಬೈ, ಕಲ್ಕತ್ತಾ ವಿಶ್ವವಿದ್ಯಾಲಯ ಶುರುವಾದವು, ನಮ್ಮ ಹುಡುಗರು ಶೇಕ್ಸ್‌ಪಿಯರ್ ಉರುಹೊಡೆದು ಡಿಗ್ರಿ ತೆಗೆದುಕೊಂಡರು. ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಪ್ರತ್ಯೇಕ ವಿಭಾಗ ಬಂದದ್ದು 1894ರಲ್ಲಿ!

ಹೆಜ್ಜೆ 9: 1922ನ್ನು ಗುಡುಗಿನಿಂದ ಓದಿ

ಮೊದಲ ಮಹಾಯುದ್ಧ ಮುಗಿಯಲು ಒಂದು ವಾರ ಇದ್ದಾಗ, 1918ರ ನವೆಂಬರ್ 4ರಂದು, ಕವಿ ವಿಲ್‌ಫ್ರೆಡ್ ಓವನ್ ಗುಂಡಿಗೆ ಬಲಿಯಾದ. ಅವನ ನಾಲ್ಕೈದು ಪದ್ಯ ಓದಿ. ಹಳೆಯ ದೊಡ್ಡ ಮಾತುಗಳ ಮೇಲೆ ನಂಬಿಕೆ ಯಾಕೆ ಹೋಯಿತು ಅಂತ ತಿಳಿಯುತ್ತದೆ.

1922ರಲ್ಲಿ ಜಾಯ್ಸ್‌ನ ಕಾದಂಬರಿ ಯುಲಿಸಿಸ್, ಟಿ.ಎಸ್. ಎಲಿಯಟ್‌ನ ಕವಿತೆ ವೇಸ್ಟ್ ಲ್ಯಾಂಡ್ ಎರಡೂ ಬಂದವು. ಯುಲಿಸಿಸ್ ತಂದದ್ದು ಪ್ಯಾರಿಸ್‌ನಲ್ಲಿ ಪುಸ್ತಕದಂಗಡಿ ನಡೆಸುತ್ತಿದ್ದ ಸಿಲ್ವಿಯಾ ಬೀಚ್. ವೇಸ್ಟ್ ಲ್ಯಾಂಡ್‌ಗೆ ಮರುವರ್ಷ ವರ್ಜೀನಿಯಾ ವುಲ್ಫ್ ಕೈಯಾರೆ ಮೊಳೆ ಜೋಡಿಸಿದಳು. ಅಂದರೆ ಓದುಗರು ಬೆರಳೆಣಿಕೆ, ದುಡ್ಡು ಹಾಕಿದವರು ಗೆಳೆಯರು. ಲೈಬ್ರರಿ ಮಾಲೀಕನ ಹೆದರಿಕೆ ಇಲ್ಲದ್ದರಿಂದ ಕಷ್ಟವಾಗಿಯೂ ಬರೆಯಬಹುದಿತ್ತು, ಬರೆದರು.

434 ಸಾಲಿನ ವೇಸ್ಟ್ ಲ್ಯಾಂಡ್ ನಮ್ಮವರಿಗೆ ಕೊನೆಯಿಂದ ಓದಿದರೆ ಸುಲಭ. ಗುಡುಗು ‘ದ’ ಅನ್ನುತ್ತದೆ. ದತ್ತ, ದಯಧ್ವಂ, ದಮ್ಯತ. ಅಂದರೆ ಕೊಡಿ, ದಯೆ ತೋರಿ, ನಿಮ್ಮನ್ನು ಹತೋಟಿಯಲ್ಲಿಟ್ಟುಕೊಳ್ಳಿ. ಬೃಹದಾರಣ್ಯಕ ಉಪನಿಷತ್ತಿನ ಕಥೆ. ಅಲ್ಲಿ ದಮ್ಯತ ಮೊದಲು ಬರುತ್ತದೆ, ಎಲಿಯಟ್ ಅದನ್ನು ಕೊನೆಗೆ ಹಾಕಿದ. ಯಾಕಿರಬಹುದು ಅಂತ ನೀವೇ ಯೋಚಿಸಿ, ನೋಟ್ಸ್‌ನಲ್ಲಿ ಹುಡುಕಬೇಡಿ. ಆಮೇಲೆ ಅಡಿಗರ ‘ಭೂಮಿಗೀತ’ ತೆಗೆದು ಪಕ್ಕದಲ್ಲಿಟ್ಟು ಓದಿ.

ಹೆಜ್ಜೆ 10: ಇಂಗ್ಲೆಂಡ್ ಬಿಟ್ಟು ಹೊರಗೆ ಬನ್ನಿ

ಇಂಗ್ಲಿಷ್ ಕಾದಂಬರಿಕಾರ ಆರ್ವೆಲ್ ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ. ಹಾಸನದ ರಾಜಾರಾವ್ ‘ಕಾಂತಾಪುರ’ವನ್ನು (1938) ನಮ್ಮ ಹಳ್ಳಿ ಅಜ್ಜಿ ಕಥೆ ಹೇಳುವ ಓಟದಲ್ಲಿ ಇಂಗ್ಲಿಷಿನಲ್ಲಿ ಬರೆದರು. ಮೈಸೂರಿನ ಆರ್.ಕೆ. ನಾರಾಯಣ್ ಅವರ ಮೊದಲ ಕಾದಂಬರಿಗೆ 1935ರಲ್ಲಿ ಪ್ರಕಾಶಕರನ್ನು ಹುಡುಕಿಕೊಟ್ಟದ್ದು ಗ್ರಹಾಂ ಗ್ರೀನ್. ನೈಜೀರಿಯಾದ ಅಚೀಬೆ 1958ರಲ್ಲಿ ಐರಿಷ್ ಕವಿ ಯೇಟ್ಸ್‌ನ ‘ಥಿಂಗ್ಸ್ ಫಾಲ್ ಅಪಾರ್ಟ್’ ಅನ್ನುವ ಮಾತನ್ನೇ ಕಾದಂಬರಿಯ ಹೆಸರು ಮಾಡಿಕೊಂಡು, ಬಿಳಿಯರು ಬಂದಾಗ ಊರು ಹೇಗೆ ಒಡೆಯಿತು ಅಂತ ಒಳಗಿನಿಂದ ಬರೆದ. ಇಲ್ಲಿಂದ ಮುಂದೆ ‘ಯಾರು ಓದುತ್ತಾರೆ’ ಎಂಬ ಪ್ರಶ್ನೆ ನಿಜವಾಗಿ ಕಷ್ಟವಾಗುತ್ತದೆ. ಮಾಲ್ಗುಡಿಯನ್ನು ನಾರಾಯಣ್ ಲಂಡನ್ನಿನ ಓದುಗನಿಗೆ ಬರೆದರಾ, ನಮಗಾ?

ಪರೀಕ್ಷೆಗೆ ಓದುವವರಿಗೆ ಒಂದು ಮಾತು. ಯುಗಗಳ ಇಸವಿ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇರುತ್ತದೆ. ರೊಮ್ಯಾಂಟಿಕ್ ಕಾಲ ಒಬ್ಬರಿಗೆ 1789ರಿಂದ, ಇನ್ನೊಬ್ಬರಿಗೆ 1798ರಿಂದ, ಮುಗಿಯುವುದು 1832 ಅಥವಾ 1837. ಯಾವುದು ಸರಿ ಅಂತ ಜಗಳ ಬೇಡ, ಯಾವ ಘಟನೆಯಿಂದ ಎಣಿಸಿದಿರಿ ಅಂತ ಉತ್ತರದಲ್ಲಿ ಒಂದು ಸಾಲು ಬರೆಯಿರಿ. ಹಳೆಯ ಪುಸ್ತಕಗಳೆಲ್ಲ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಓದಿ ಹೇಳುವ ಧ್ವನಿ ಬೇಕಾದರೆ ಲಿಬ್ರಿವಾಕ್ಸ್ ಇದೆ.

ಮೊದಲ ವಾರಕ್ಕೆ ಇಷ್ಟು ಸಾಕು: ಕಿಂದರಿಜೋಗಿ, ಅದರ ಪಕ್ಕದಲ್ಲಿ ಬ್ರೌನಿಂಗ್‌ನ ಮೂಲ, ಎರಡನ್ನೂ ಜೋರಾಗಿ. ಬೇವುಲ್ಫ್ ಎಂಟನೇ ವಾರಕ್ಕಿರಲಿ.